ಭಾವ ಹಾಕದ ರಜೆ ಅರ್ಜಿ

ಕೋಣೆ ಹದಿನೇಳು, ಕಂಪೆನಿ ಕ್ಯಾಂಪ್,
ಮೆಸಯೀದ್, ಕತಾರ್
೧೪ ನವೆಂಬರ್ ೧೯೯೬, ಗುರುವಾರ

ನನ್ನ ಅಕ್ಕನ ಪತಿಯೂ, ನನ್ನ ವೀಸಾದ ಮೂಲಪುರುಷರೂ, ಸರ್ವಥಾ ಗೌರವಾನ್ವಿತರೂ ಆದ ಯಜ್ಞೇಶ ಭಾವನವರ ಸನ್ನಿಧಿಗೆ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಕೊಂಡು ತಾರಾನಾಥ ಅರಿಕೆ ಮಾಡುವುದು.

ವಿಷಯ: ತಾವು ಇನ್ನೂ ಹಾಕದಿರುವ ರಜೆ ಅರ್ಜಿಯ ಬಗ್ಗೆ.
ಉಲ್ಲೇಖ: ಜುಲೈ ೧೧ರ ಗುರುವಾರ ಮಧ್ಯಾಹ್ನ ತಾವು ಸ್ವಹಸ್ತದಿಂದ ನನಗೆ ಮಾಡಿಕೊಟ್ಟ ಚಾ.

ನಾವಿಲ್ಲಿ ಕ್ಷೇಮ. ನಾವು ಎಂದರೆ ನಾನು, ನನ್ನ ಕೋಣೆಯ ಮೂವರು ಮಲಯಾಳಿಗಳು ಮತ್ತು ಏಸಿಯ ಹಿಂದೆ ಸಂಸಾರ ಹೂಡಿರುವ ಒಂದು ಜೋಡಿ ಪಾರಿವಾಳ. ತಾವು ದೋಹಾದಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕ್ಷೇಮವಾಗಿರುವ ವಿದ್ಯೆಯಲ್ಲಿ ತಮ್ಮಷ್ಟು ಪಳಗಿದವರು ನಮ್ಮ ಎರಡೂ ಕುಟುಂಬಗಳಲ್ಲಿ ಇನ್ನೊಬ್ಬರಿಲ್ಲ.

ಕಾಗದದ ಸರಕಾರಿ ಠೀವಿ ನೋಡಿ ನಗಬೇಡಿ. ದಿನಕ್ಕೆ ನಲವತ್ತು ಫಾರ್ಮು ಟೈಪು ಮಾಡುವವನು ಪ್ರೇಮಪತ್ರ ಬರೆದರೂ ಮೇಲೆ ವಿಷಯ, ಉಲ್ಲೇಖ ಎಂದು ಹಾಕಿಯೇ ಹಾಕುತ್ತಾನೆ. ಇದನ್ನು ಎದುರಿಗೆ ಬಂದು ಹೇಳಬಹುದಿತ್ತು, ಆದರೆ ಎದುರಿಗೆ ಬಂದರೆ ನಾವು ತುಳು ಮಾತಾಡುತ್ತೇವೆ, ತುಳುವಿನಲ್ಲಿ ನಾನು ಬೈದುಬಿಡುತ್ತೇನೆ. ನಮ್ಮವರಿಗೆ ಬೈಯಲು ತುಳು, ಬರೆಯಲು ಕನ್ನಡ. ಬರೆಯುವಾಗ ಸ್ವಲ್ಪ ಮರ್ಯಾದೆ ತಾನಾಗಿ ಬರುತ್ತದೆ. ಅದನ್ನು ನಂಬಿಕೊಂಡು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ತಮ್ಮ ಕೆಳಮನೆಯ ನಿಯಾಝ್ ದೋಹಾದ ಕಂಪೆನಿ ಬಸ್ಸು ಹತ್ತುವ ಮೊದಲು ನನ್ನ ಆಫೀಸಿನ ಕಿಟಕಿಗೆ ಬಡಿದ. ಪಾಪ, ಅವನಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಅವನ ಹೆಂಡತಿ ಮುನೀರಾ ಹೇಳಿದಳಂತೆ, ಅವಳಿಗೆ ಅಕ್ಕ ಹೇಳಿದಳಂತೆ: ಕಂಪೆನಿ ಇವರಿಗೆ ರಜೆ ಕೊಡುತ್ತಿಲ್ಲ, ಎರಡು ಸಲ ಅರ್ಜಿ ಹಾಕಿದರೂ ಮ್ಯಾನೇಜರು ಮಾಫಿ ಮಾಫಿ, ಇಲ್ಲ ಇಲ್ಲ ಅಂತ ಕೈಯಾಡಿಸಿದ, ರಜೆ ಇಲ್ಲದೆ ಎಕ್ಸಿಟ್ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದೆ ದೇಶ ಬಿಡುವ ಹಾಗಿಲ್ಲ, ಬರುವ ಬುಧವಾರದ ಟಿಕೆಟು ಕ್ಯಾನ್ಸಲ್ ಮಾಡಬೇಕಾದೀತು. ಅಕ್ಕ ಅಳಲಿಲ್ಲವಂತೆ. ಮುನೀರಾಳ ಮನೆಯ ಕೊತ್ತಂಬರಿ ಸೊಪ್ಪು ಬಿಡಿಸಿ ಕೊಡುತ್ತಾ ಕೂತಿದ್ದಳಂತೆ. ಕೊನೆಗೆ ನೋಡಿದರೆ ಎಲೆಯನ್ನೆಲ್ಲ ಕಸಕ್ಕೆ ಹಾಕಿ ದಂಟನ್ನು ತಟ್ಟೆಯಲ್ಲಿ ಇಟ್ಟಿದ್ದಳಂತೆ.

ಭಾವ, ತಾವು ಒಂದು ಸಂಗತಿ ಮರೆತಿದ್ದೀರಿ. ಈ ಕಂಪೆನಿಯಲ್ಲಿ ಯಾರು ರಜೆ ಕೇಳಿದರೂ, ಕೊಟ್ಟರೂ, ಕೊಡದಿದ್ದರೂ, ಆ ಕಾಗದ ನನ್ನ ಟೈಪ್‌ರೈಟರಿನ ಮೂಲಕವೇ ಹೋಗಬೇಕು. ನಿಯಾಝ್ ಹೋದ ಮೇಲೆ ನಾನು ರಿಜಿಸ್ಟರು ತೆಗೆದು ಜನವರಿಯಿಂದ ಬೆರಳಿಟ್ಟು ನೋಡಿದೆ. ತಮ್ಮ ಹೆಸರಿನ ಎದುರು ಇರುವುದು ಒಂದೇ ಒಂದು ನಮೂದು: ಮಾರ್ಚ್ ತಿಂಗಳು, ಹಲ್ಲು ಕೀಳಿಸಲು ಅರ್ಧ ದಿನ. ನಮ್ಮ ಮ್ಯಾನೇಜರು ಸೋಮಾರಿ ಮನುಷ್ಯ. ಬಂದ ಅರ್ಜಿಯನ್ನೇ ಓದದವನು ಬಾರದ ಅರ್ಜಿಯನ್ನು ಎರಡೆರಡು ಸಲ ತಿರಸ್ಕರಿಸಿದ ಎಂದರೆ ಅದು ಅವನ ಸೇವಾವಧಿಯ ಮೊದಲ ಸಾಧನೆ.

ಇನ್ನು ‘ತಾವು’ ಸಾಕು. ಕೈ ನೋಯುತ್ತದೆ. ನೀವು ಎನ್ನುತ್ತೇನೆ.

ಬುಧವಾರ ನೀವಿಬ್ಬರೂ ವಿಮಾನ ಹತ್ತದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ಆದರೂ ಟೈಪಿಸ್ಟಿನ ಚಾಳಿ, ಬರೆದಿಡುತ್ತೇನೆ. ಇಪ್ಪತ್ತೈದನೇ ತಾರೀಕು ಸೋಮವಾರ ಮಂಗಳೂರಿನ ಕೋರ್ಟಿನಲ್ಲಿ ನಿಮ್ಮ ಹೆಸರು ಕೂಗುತ್ತಾರೆ. ನೀವು ಇರಬೇಕು, ಸಹಿ ಹಾಕಬೇಕು. ಇಲ್ಲದಿದ್ದರೆ ಅನಾಥಾಶ್ರಮದವರು ದತ್ತಿನ ಪಟ್ಟಿಯಲ್ಲಿ ನಿಮ್ಮ ಕೆಳಗಿರುವ ದಂಪತಿಗೆ ಕಾಗದ ಬರೆಯುತ್ತಾರೆ. ಅವರು ಪುಣೆಯವರಂತೆ, ಬ್ಯಾಗು ತುಂಬಿ ಕಾದಿದ್ದಾರಂತೆ. ಆಯಾಗಳು ಪುಟ್ಟಮ್ಮ ಎಂದು ಕರೆಯುವ ಆ ಹುಡುಗಿ, ಫೋಟೋದಲ್ಲಿ ಕ್ಯಾಮೆರಾ ಬಿಟ್ಟು ಪಕ್ಕದ ಕಾಗೆಯನ್ನು ನೋಡುತ್ತಿರುವ ಆ ಎರಡು ವರ್ಷದ ಹೆಂಗಸು, ಪುಣೆಗೆ ಹೋಗಿ ಮರಾಠಿ ಕಲಿಯುತ್ತಾಳೆ. ಅವಳಿಗೇನೂ ನಷ್ಟವಿಲ್ಲ. ನಷ್ಟ ಒಬ್ಬಳಿಗೆ ಮಾತ್ರ.

ಅಕ್ಕ ಒಬ್ಬಳೇ ಹೋಗಿ ತರಲಿ ಎಂದರೆ ಅದೂ ಆಗುವುದಿಲ್ಲ. ಮಂಗಳೂರಿನ ವಕೀಲರು ಬರೆದ ಕಾಗದವನ್ನು ನಾನೇ ಅವಳಿಗೆ ಓದಿ ಹೇಳಿದ್ದೆ, ನೆನಪುಂಟಾ? ನಮ್ಮ ಹಿಂದೂ ಕಾಯ್ದೆಯ ಪ್ರಕಾರ ಮದುವೆಯಾದ ಹೆಂಗಸು ದತ್ತು ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಳ್ಳುವವನು ಗಂಡ. ಹೆಂಡತಿ ಬರೇ ಒಪ್ಪಿಗೆ ಕೊಡುವವಳು. ಗಂಡ ಬದುಕಿರುವಾಗ, ಜೊತೆಯಲ್ಲಿರುವಾಗ, ಅವಳೇ ತೆಗೆದುಕೊಳ್ಳಬೇಕಾದರೆ ಮೂರು ದಾರಿ: ಗಂಡ ಸಂಸಾರ ಬಿಟ್ಟು ಸನ್ಯಾಸಿಯಾಗಿರಬೇಕು, ಇಲ್ಲ ಧರ್ಮ ಬಿಟ್ಟಿರಬೇಕು, ಇಲ್ಲ ಅವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕೋರ್ಟು ಹೇಳಿರಬೇಕು. ಆಗ ನಾವು ಮೂವರೂ ನಕ್ಕಿದ್ದೆವು. ನಿಮಗೆ ಕಾವಿ ಹೊಂದುವುದಿಲ್ಲ, ಹೊಟ್ಟೆ ಅಡ್ಡ ಬರುತ್ತದೆ ಎಂದು ನಾನೇ ಹೇಳಿದ್ದೆ. ಈಗ ಅದನ್ನೇ ಮತ್ತೆ ಓದಿದರೆ ನಗು ಬರುವುದಿಲ್ಲ. ಎಂಟು ವರ್ಷ ಕಾದವಳು ಅವಳು, ಪೆನ್ನು ನಿಮ್ಮ ಕೈಯಲ್ಲಿ.

ನಿಮ್ಮ ಅಮ್ಮ ಊರಿನಿಂದ ಬರೆದದ್ದೂ ನನಗೆ ಗೊತ್ತು. ಯಾವ ಬಳಿ, ಯಾವ ಕುಲ ಎಂದೇ ಗೊತ್ತಿಲ್ಲದ ಮಗು ನಮ್ಮ ಮನೆಯ ಹೊಸಿಲು ದಾಟುವುದು ಹೇಗೆ ಎಂದು. ಭಾವ, ನಾವು ಅಳಿಯಕಟ್ಟಿನವರು. ಮಗುವಿಗೆ ಬಳಿ ಬರುವುದು ತಾಯಿಯಿಂದ. ಪುಟ್ಟಮ್ಮ ಬಂದರೆ ನಮ್ಮ ಬಳಿಗೆ ಬರುತ್ತಾಳೆ, ಅಕ್ಕನ ಬಳಿಗೆ, ನನ್ನ ಬಳಿಗೆ. ನಿಮ್ಮ ಬಳಿಗೆ ಕೂದಲೆಳೆಯಷ್ಟೂ ಕೊಂಕಿಲ್ಲ. ನಮ್ಮ ಅಮ್ಮ ಪೂವಕ್ಕ ಒಂದು ಮಾತೂ ಆಡದೆ ಒಪ್ಪಿದ್ದಾಳೆ. ಕಟ್ಟಳೆಯ ಪ್ರಕಾರ ಮಗು ಹೆಂಗಸಿನದು, ಕಾಯ್ದೆಯ ಪ್ರಕಾರ ಗಂಡಸಿನದು. ಈ ಎರಡರ ನಡುವೆ ಸಿಕ್ಕಿಕೊಂಡು ನನ್ನ ಅಕ್ಕ ಫ್ರಾಕು ಹೊಲಿಯುತ್ತಿದ್ದಾಳೆ.

ಫ್ರಾಕಿನ ಕಥೆಯನ್ನಾದರೂ ನೀವು ನೋಡಿದ್ದೀರಾ? ಮೇ ತಿಂಗಳಲ್ಲಿ ಆಶ್ರಮದ ಸಿಸ್ಟರ್ ಒಂದು ರಟ್ಟಿನ ತುಂಡಿಗೆ ಬಿಳಿ ನೂಲು ಸುತ್ತಿ ಕಳಿಸಿದ್ದರು. ಮಗುವಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ನೂಲು. ಒಂದು ಗಂಟು ಸೊಂಟಕ್ಕೆ, ಇನ್ನೊಂದು ಗಂಟು ಮೊಣಕಾಲಿಗೆ. ಅಕ್ಕ ಆ ನೂಲನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಇಳಿಬಿಟ್ಟು ಅಂಟಿಸಿದಳು. ಆಚೆ ಈಚೆ ಹೋಗುವಾಗೆಲ್ಲ ಅದರ ತುದಿಯ ಮೇಲೆ, ತಲೆ ಇರಬೇಕಾದ ಜಾಗದಲ್ಲಿ, ಅಂಗೈ ಇಡುತ್ತಿದ್ದಳು. ಆಗಸ್ಟಿನಲ್ಲಿ ಹೋಗಬೇಕಾಗಿದ್ದದ್ದು ನವೆಂಬರಿಗೆ ಬಂತು. ಮಗು ಬೆಳೆದಿರುತ್ತದೆ, ನೂಲು ಬೆಳೆಯುವುದಿಲ್ಲ. ಅಂದಾಜಿನ ಮೇಲೆ ಅಕ್ಕ ಆರು ಫ್ರಾಕಿನ ಅಂಚನ್ನೂ ಬಿಚ್ಚಿ ಮತ್ತೆ ಹೊಲಿದಿದ್ದಾಳೆ ಎಂದು ಮುನೀರಾ ಹೇಳುತ್ತಾಳಂತೆ.

ಆಗಸ್ಟು ನವೆಂಬರಾದದ್ದು ಹೇಗೆ? ಊರಿಗೆಲ್ಲ ಗೊತ್ತಿರುವ ಕಥೆಯ ಪ್ರಕಾರ, ನನ್ನಿಂದ. ಆ ಕಥೆಯಲ್ಲಿ ನನ್ನ ಪಾಲು ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಸುತ್ತೇನೆ.

ನಾನು ಕುಶಾಲಿನವನು, ಹೌದು. ಮೀಸೆ ಇರುವ ನೌಕರರೆಲ್ಲ ಮೀಸೆಯದ್ದು ಮಾತ್ರ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಒಪ್ಪಿಸಬೇಕು ಎಂದು ಕಂಪೆನಿಯ ಲೆಟರ್‌ಹೆಡ್ಡಿನಲ್ಲಿ ಸುತ್ತೋಲೆ ಟೈಪು ಮಾಡಿದವನು ನಾನೇ. ನೀವು ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡೂ ಬಂದಿರಿ, ಎರಡು ಪ್ರತಿ. ಆ ಮೇಲೆ ಗೇಬ್ರಿಯಲ್ ಪೊರ್ಬುಗಳ ಸರದಿ. ಆಶ್ರಮದವರ ಪರವಾಗಿ ಇಲ್ಲಿ ನಿಮ್ಮಿಬ್ಬರನ್ನು ವಿಚಾರಿಸಿ ವರದಿ ಬರೆಯಬೇಕಾದ ಮಂಗಳೂರಿನ ಕ್ರಿಶ್ಚಿಯನ್ ಹಿರಿಯರು ಅವರು. ಮೊದಲು ಫೋನಿನಲ್ಲಿ ಮಾತಾಡುತ್ತೇನೆ, ಆ ಮೇಲೆ ಮನೆಗೆ ಬರುತ್ತೇನೆ ಎಂದಿದ್ದರು. ಮೂಗಿನಲ್ಲಿ ಸ್ವರ, ಪ್ರತಿ ಪ್ರಶ್ನೆಗೆ ಮೊದಲು ಒಂದು ಕೆಮ್ಮು. ಅಂಥ ಸ್ವರವನ್ನು ದೇವರು ನನ್ನಂಥವನ ಎದುರು ತಂದಿಡಬಾರದಿತ್ತು.

ಆಗ ನಾನು ನಿಮ್ಮ ಮನೆಯಲ್ಲೇ ಇದ್ದೆನಲ್ಲ, ಕೆಳಗಿನ ದಿನಸಿ ಅಂಗಡಿಯ ಫೋನಿನಿಂದ ಅವರ ಸ್ವರದಲ್ಲಿ ಮೂರು ಸಲ ಮಾಡಿದೆ. ಮೊದಲ ಸಲ ಅಕ್ಕ ಎತ್ತಿದಳು. ಕೆಮ್ಮಿದೆ. ಮಗುವಿಗೆ ಜೋಗುಳ ಹಾಡಲು ಬರುತ್ತದೋ ಬಾಯಮ್ಮ, ಬರುತ್ತದಾದರೆ ಹಾಡಿ ತೋರಿಸಬೇಕು, ವರದಿಯಲ್ಲಿ ಅದಕ್ಕೊಂದು ಕಾಲಂ ಉಂಟು ಎಂದೆ. ಅವಳು ಹಾಡಿದಳು ಭಾವ. ಒಂದು ನಿಮಿಷ ತಡೆದು, ಗಂಟಲು ಸರಿಮಾಡಿಕೊಂಡು, ಎರಡು ನುಡಿ ಪೂರ್ತಿ. ನಾನೂ ನಿಯಾಝೂ ಅಕ್ಕಿ ಮೂಟೆಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡೆವು. ಎರಡನೇ ಸಲ ನೀವು ಎತ್ತಿದಿರಿ. ಗೊರಕೆ ಹೊಡೆಯುವುದುಂಟೋ ಎಂದದ್ದಕ್ಕೆ, ಎಡಮಗ್ಗುಲಾದರೆ ಮಾತ್ರ ಸರ್ ಎಂದಿರಿ. ಮೂರನೇ ಸಲ ಅಕ್ಕ ಕೆಮ್ಮಿನಲ್ಲೇ ಹಿಡಿದಳು. ತಾರ, ಮರ್ಯಾದೆಯಲ್ಲಿ ಮೇಲೆ ಬಾ, ಹಿಡಿಸೂಡಿಯ ಪೆಟ್ಟು ಕಾದಿದೆ ಎಂದಳು. ಆ ಸಂಜೆ ನಾವು ನಕ್ಕಷ್ಟು ಆ ಮನೆಯಲ್ಲಿ ಆ ಮೇಲೆ ಯಾರೂ ನಕ್ಕಿಲ್ಲ.

ಹೊಂಡ ತೋಡಿದವನು ನಾನು. ಸಹಿ ಹಾಕಿ ಒಪ್ಪುತ್ತೇನೆ. ಅದರಲ್ಲಿ ಬಿದ್ದಂತೆ ಮಾಡಿದವರು ಯಾರು, ಇನ್ನು ಅದನ್ನು ನೋಡುವ.

ಜುಲೈ ಹನ್ನೊಂದು, ಗುರುವಾರ. ನನಗೆ ಅರ್ಧ ದಿನ, ನಿಮಗೆ ಶಿಫ್ಟಿನ ರಜೆ. ಅಕ್ಕ ದರ್ಜಿಯ ಅಂಗಡಿಗೆ ಹೋಗಿದ್ದಳು. ಏಸಿ ಕೆಟ್ಟು ಮೂರು ದಿನ, ಗಾಳಿ ಬರಲಿ ಎಂದು ನೀವು ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದಿರಿ. ನಾನು ಮೆಟ್ಟಿಲು ಹತ್ತಿ ಬಂದು ಹೊಸಿಲ ಹೊರಗೆ ಬಗ್ಗಿ ಬೂಟಿನ ಲಾಡಿ ಬಿಚ್ಚುತ್ತಿದ್ದೆ. ನೀವು ಬನಿಯನ್ನಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಫೋನಿನಲ್ಲಿದ್ದಿರಿ. ಹೇಳಿ ಗೇಬ್ರಿಯಲ್ ಸರ್ ಎಂದಿರಿ. ಆಮೇಲೆ ನೀವು ಹೇಳಿದ್ದು ನನಗೆ ಬಾಯಿಪಾಠ. ಇದು ನನ್ನ ಹೆಂಡತಿಯ ಹಟ ಸರ್. ನನಗೆ ಬೇಡ. ಬೇಡ ಎಂದರೆ ಅವಳು ಅನ್ನ ಬಿಡುತ್ತಾಳೆ, ಅದಕ್ಕೆ ಹೂಂ ಅಂದಿದ್ದೇನೆ. ಯಾರದ್ದೋ ಮಗು, ನಾಳೆ ನನ್ನನ್ನು ಅಪ್ಪ ಅಂತ ಕರೆದರೆ ತಿರುಗಿ ನೋಡಲು ನನಗೆ ಮನಸ್ಸು ಬರುತ್ತದೋ ಇಲ್ಲವೋ.

ಅಷ್ಟು ಹೇಳಿ ನೀವು ತಿರುಗಿದಿರಿ. ಒಂದು ಬೂಟು ಕೈಯಲ್ಲಿ ಹಿಡಿದು ನಿಂತ ನನ್ನನ್ನು ನೋಡಿದಿರಿ. ರಿಸೀವರು ನಿಮ್ಮ ಕಿವಿಯಲ್ಲಿತ್ತು, ಅದರೊಳಗೆ ಗೇಬ್ರಿಯಲ್ ಪೊರ್ಬುಗಳು ಕೆಮ್ಮಿದ್ದು ನನಗೂ ಕೇಳಿಸಿತು. ನನಗೆ ಬಹಳ ವಿದ್ಯೆ ಬರುತ್ತದೆ, ಆದರೆ ಒಂದೇ ಹೊತ್ತಿಗೆ ಎರಡು ಕಡೆ ಇರುವ ವಿದ್ಯೆ ಬರುವುದಿಲ್ಲ. ನೀವು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಿರಿ, ನನ್ನ ಮುಖ ನೋಡಿಕೊಂಡೇ ಮುಂದುವರಿಸಿದಿರಿ. ಹೌದು ಸರ್, ಬರೆದುಕೊಳ್ಳಿ. ನನ್ನ ಹೆಸರಿನಲ್ಲೇ ಬರೆದುಕೊಳ್ಳಿ. ಅವಳಿಗೆ ಮಾತ್ರ ನೀವಾಗಿ ಹೇಳಬೇಡಿ.

ಫೋನು ಇಟ್ಟು ನನ್ನನ್ನು ಕೇಳಿದಿರಿ: ಚಾ ಕುಡೀತೀಯಾ?

ಎರಡು ವರ್ಷ ನಿಮ್ಮ ಮನೆಯಲ್ಲಿದ್ದೆ. ನೀವು ಒಲೆ ಹಚ್ಚಿದ್ದನ್ನು ನೋಡಿದ್ದು ಅದೊಂದೇ ಸಲ. ಸಕ್ಕರೆ ಜಾಸ್ತಿ ಹಾಕಿದ್ದಿರಿ. ನಾನು ಕುಡಿದೆ. ಅದನ್ನೂ ಬರೆಯಬೇಕಲ್ಲ, ಕುಡಿದೆ. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ವೀಸಾ ಕೊಡಿಸಿದ ಭಾವ, ಕೆಲಸ ಕೊಡಿಸಿದ ಭಾವ ಎಂಬ ಭಯವೋ, ಇವರೇ ನಾಳೆ ಫೋನು ಮಾಡಿ ಸರಿ ಮಾಡಿಯಾರು ಎಂಬ ಆಸೆಯೋ. ಲೋಟ ತೊಳೆದಿಟ್ಟದ್ದೂ ನಾನೇ. ನಿಮ್ಮ ಅಪರಾಧಕ್ಕೆ ನಾನು ಹಾಕಿದ ಸಹಿ ಅದು.

ಆಗಸ್ಟಿನ ಮೊದಲ ವಾರ ಆಶ್ರಮದ ಕಾಗದ ಬಂತು. ಪತಿಗೆ ಮನಸ್ಸಿಲ್ಲವೆಂದು ತಿಳಿದುಬಂದ ಕಾರಣ ನಿಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಿದ್ದೇವೆ. ಸೂಟ್‌ಕೇಸು ನೆಲದ ಮೇಲೆ ಬಾಯಿ ತೆರೆದುಕೊಂಡಿತ್ತು, ಅಕ್ಕ ಅದರ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ನೀವು ಹೀಗೆ ಹೇಳಿದ್ದು ಹೌದಾ ಎಂದು ಕೇಳಿದಳು. ನೀವು ಒಂದು ಗುಕ್ಕು ನೀರು ಕುಡಿದು, ತಾರನ ಕುಶಾಲು ಅಂತ ಎಣಿಸಿದೆ ಮಾರಾಯ್ತಿ, ಅವನು ಮನೆಯಲ್ಲಿರಲಿಲ್ಲ, ಅವನೇ ಮತ್ತೆ ಕೆಳಗಿನಿಂದ ಮಾಡುತ್ತಿದ್ದಾನೆ ಅಂತ ಬಾಯಿಗೆ ಬಂದದ್ದು ಹೇಳಿದೆ ಎಂದಿರಿ. ಎಷ್ಟು ಸಲೀಸಾಗಿ ಬಂತು ಭಾವ! ನನ್ನ ಕುಶಾಲೆಲ್ಲ ನಿಮ್ಮ ಆ ಒಂದು ವಾಕ್ಯದ ಎದುರು ಒಂದನೇ ಕ್ಲಾಸಿನ ಹುಡುಗನ ನಾಟಕ.

ಅಕ್ಕ ನನ್ನ ಕಡೆ ನೋಡಿದಳು. ನಿಜ ಏನೆಂದು ಕೇಳುವ ನೋಟ. ಆ ಹೊತ್ತಿಗೆ ನನ್ನ ತಲೆ ಒಂದು ಲೆಕ್ಕ ಹಾಕಿತು. ನಿಜ ಹೇಳಿದರೆ ಗಂಡನಿಗೆ ಮಗು ಬೇಡ, ಫೈಲು ಖಲಾಸ್. ಅದೂ ನನ್ನ ಮಾತನ್ನು ನಂಬಿದರೆ. ಮೀಸೆಯ ಸುತ್ತೋಲೆ ಹೊರಡಿಸಿದವನ ನಿಜಕ್ಕೆ ಯಾರ ಮನೆಯಲ್ಲಿ ಬೆಲೆ? ನನ್ನದೇ ತಪ್ಪು ಎಂದರೆ ಅದು ಬರೇ ಒಂದು ತಪ್ಪು. ತಪ್ಪನ್ನು ಹೋಗಿ ತಿದ್ದಬಹುದು. ಮಗು ಬರಬಹುದು.

ಹೌದಕ್ಕ, ಆ ದಿನ ನಾನು ಮನೆಯಲ್ಲಿರಲಿಲ್ಲ, ಐದು ಗಂಟೆಗೆ ಬಂದದ್ದು. ನನ್ನ ಕುಶಾಲಿನಿಂದಲೇ ಹೀಗಾದದ್ದು ಎಂದೆ. ಹುಟ್ಟಿದ ಮೇಲೆ ನಾನು ಹೇಳಿದ ಸುಳ್ಳುಗಳಲ್ಲಿ ನಗು ಇಲ್ಲದ ಸುಳ್ಳು ಅದೊಂದೇ. ನೀವು ನನ್ನ ಮುಖ ನೋಡಲಿಲ್ಲ. ನೀರಿನ ಲೋಟದ ತಳ ನೋಡುತ್ತಿದ್ದಿರಿ.

ಆ ಶುಕ್ರವಾರ ಅಕ್ಕ ನನ್ನನ್ನು ಗೇಬ್ರಿಯಲ್ ಪೊರ್ಬುಗಳ ಮನೆಗೆ ಎಳೆದುಕೊಂಡು ಹೋದದ್ದು ನಿಮಗೆ ಗೊತ್ತು. ಅಲ್ಲಿ ಏನಾಯಿತೆಂದು ಗೊತ್ತಿಲ್ಲ, ಯಾಕೆಂದರೆ ನೀವು ಕೇಳಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಹಾಗಾದರೆ ನನ್ನ ಸ್ವರ ಮಾಡಿ ತೋರಿಸು ನೋಡುವ ಎಂದರು. ಮಾಡದಿದ್ದರೆ ನಂಬುವುದಿಲ್ಲ. ಚೆನ್ನಾಗಿ ಮಾಡಿದರೆ ಅವಮಾನ. ನಾನು ಎದ್ದು ನಿಂತು ಕೆಮ್ಮಿದೆ. ಜೋಗುಳ ಹಾಡಲು ಬರುತ್ತದೋ ಬಾಯಮ್ಮ, ವರದಿಯಲ್ಲಿ ಅದಕ್ಕೊಂದು ಕಾಲಂ ಉಂಟು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಒಳಗಿನಿಂದ ನಗು ಕೇಳುತ್ತಿತ್ತು. ಪೊರ್ಬುಗಳು ನಗಲಿಲ್ಲ. ಐವತ್ತೆಂಟು ವರ್ಷವಾಯಿತು, ನಾನು ಹೀಗೆ ಕೆಮ್ಮುತ್ತೇನೆಂದು ಒಬ್ಬರೂ ಹೇಳಿರಲಿಲ್ಲ ಎಂದರು. ಅಕ್ಕ ನೆಲ ನೋಡುತ್ತಿದ್ದಳು. ಆಮೇಲೆ ಅವರು ತೀರ್ಪು ಕೊಟ್ಟರು: ಆಶ್ರಮಕ್ಕೆ ಇನ್ನೊಂದು ಕಾಗದ ಬರೆಯುತ್ತೇನೆ, ಆದರೆ ಮಗು ಬರುವ ಮನೆಯಲ್ಲಿ ಈ ಹುಡುಗ ಇರಬಾರದು.

ಬರೆದರು. ಒಳ್ಳೆಯ ಮನುಷ್ಯ. ಫೈಲು ಮತ್ತೆ ತೆರೆಯಿತು, ನಾನು ಟ್ರಂಕು ಎತ್ತಿಕೊಂಡು ಮೆಸಯೀದಿಗೆ ಬಂದೆ. ಮೂರು ತಿಂಗಳಾಯಿತು. ಅಕ್ಕ ಒಂದು ಫೋನು ಮಾಡಿಲ್ಲ. ದೀಪಾವಳಿಗೆ ನಾನು ಮಾಡಿದರೆ, ರಾಂಗ್ ನಂಬರ್ ಎಂದು ಇಟ್ಟಳು. ಅವಳ ಸ್ವರ ನನಗೆ ಗೊತ್ತಿಲ್ಲವೇ? ಅಮ್ಮ ಊರಿನಿಂದ ಒಂದು ಇನ್‌ಲ್ಯಾಂಡಿನಷ್ಟು ಖಾಲಿ ಜಾಗದಲ್ಲಿ ಒಂದೇ ಸಾಲು ಬರೆಸಿದ್ದಾಳೆ: ಆ ಮಗು ನಿನ್ನ ಅಕ್ಕನ ಮಡಿಲಿಗೆ ಬರುವ ತನಕ ನನಗೆ ಕಾಗದ ಹಾಕಬೇಡ. ಇಲ್ಲಿಯ ನಮ್ಮವರೂ ಅಷ್ಟೆ. ನನ್ನನ್ನು ಕಂಡರೆ ಕೆಮ್ಮುತ್ತಾರೆ.

ಇಷ್ಟನ್ನೂ ನಾನು ಹೊತ್ತುಕೊಂಡೆ. ಮಗುವಿನ ಹೆಸರಿನಲ್ಲಿ ಹೊತ್ತುಕೊಂಡೆ, ತಮ್ಮಲೆಯ ಕರ್ತವ್ಯ ಎಂದು. ನಮ್ಮಲ್ಲಿ ತಮ್ಮಲೆಗೆ, ಎಂದರೆ ಸೋದರಮಾವನಿಗೆ, ದೊಡ್ಡ ಸ್ಥಾನ, ಮಗುವನ್ನು ಮೊದಲು ಎತ್ತಿಕೊಳ್ಳಬೇಕಾದವನು ಅವನು. ಎತ್ತಿಕೊಳ್ಳದೆಯೇ ನನ್ನ ಭುಜ ನೋಯುತ್ತಿದ್ದರೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಈಗ ನೀವು ಎರಡನೇ ಸಲ ಅದೇ ಆಟ ಆಡುತ್ತಿದ್ದೀರಿ. ಮೊದಲು ಮರೆಗೆ ನಾನಿದ್ದೆ, ಈಗ ಮ್ಯಾನೇಜರು.

ಒಂದು ಮಾತು ಹೇಳುತ್ತೇನೆ, ಇದರಲ್ಲಿ ಕುಶಾಲಿಲ್ಲ. ನಿಮಗೆ ಮಗು ಬೇಡ ಎಂಬುದು ಪಾಪವಲ್ಲ. ಫೋನಿನಲ್ಲಿ ನೀವು ಪೊರ್ಬುಗಳಿಗೆ ಹೇಳಿದ್ದು ಆ ಇಡೀ ವರ್ಷ ಆ ಮನೆಯಲ್ಲಿ ಯಾರಾದರೂ ಆಡಿದ ಒಂದೇ ನಿಜವಾದ ಮಾತು. ಅದನ್ನು ಅಕ್ಕನ ಮುಖ ನೋಡಿ ಹೇಳಿದ್ದಿದ್ದರೆ ನಾನು ನಿಮ್ಮ ಕಾಲಿಗೆ ಬೀಳುತ್ತಿದ್ದೆ. ಅವಳು ಅಳುತ್ತಿದ್ದಳು, ಅನ್ನ ಬಿಡುತ್ತಿದ್ದಳು, ಆ ಮೇಲೆ ಏನಾದರೂ ಒಂದು ನಿರ್ಧಾರ ಮಾಡುತ್ತಿದ್ದಳು. ಆ ನಿರ್ಧಾರ ಮಾಡುವ ಅವಕಾಶವನ್ನೇ ನೀವು ಅವಳಿಂದ ಕಸಿದಿರಿ. ಬೇಡವಾದ ಮನೆಗೆ ಒಂದು ಮಗುವನ್ನು ಕರೆತರಲು ಸುಳ್ಳು ಹೇಳಿದವನು ನಾನು ಎಂದು ಒಮ್ಮೊಮ್ಮೆ ನನಗೇ ಹೇಸಿಗೆಯಾಗುತ್ತದೆ. ಆ ಹೇಸಿಗೆಯ ಅರ್ಧ ಪಾಲು ನಿಮಗೆ ಸಲ್ಲಬೇಕಾದದ್ದು.

ಈಗ ಕೆಲಸದ ಮಾತು. ಈ ಲಕೋಟೆಯಲ್ಲಿ ರಜೆಯ ಫಾರ್ಮು ಇಟ್ಟಿದ್ದೇನೆ. ನಿಮ್ಮ ಹೆಸರು, ನಂಬರು, ತಾರೀಕು, ಕಾರಣ, ಎಲ್ಲ ಟೈಪು ಮಾಡಿದ್ದೇನೆ. ಕಾರಣ ಎಂಬಲ್ಲಿ ‘ಮಗಳನ್ನು ಕರೆತರಲು’ ಎಂದಿದೆ. ತಿದ್ದಬೇಡಿ. ಪೆನ್ಸಿಲಿನಲ್ಲಿ ಗುರುತು ಹಾಕಿದ ಎರಡು ಕಡೆ ಸಹಿ ಮಾಡಿ ಶನಿವಾರ ಬೆಳಿಗ್ಗೆ ನಿಯಾಝನ ಕೈಯಲ್ಲಿ ಕಳಿಸಿ. ಹತ್ತು ಗಂಟೆಗೆ ಮ್ಯಾನೇಜರ ಸಹಿ, ಸೋಮವಾರಕ್ಕೆ ಎಕ್ಸಿಟ್ ಪರ್ಮಿಟ್, ಅದು ನನ್ನ ಹೊಣೆ. ಸಹಿ ಮಾಡದಿದ್ದರೆ? ನಾನು ಅಕ್ಕನಿಗೆ ಹೇಳುವುದಿಲ್ಲ. ಹೆದರಬೇಡಿ. ಹೇಳಿದರೂ ನಂಬುವುದಿಲ್ಲ ಎಂಬ ವ್ಯವಸ್ಥೆಯನ್ನು ನೀವು ಚೆನ್ನಾಗಿಯೇ ಮಾಡಿಟ್ಟಿದ್ದೀರಿ. ನಿಮ್ಮನ್ನು ಬೇಡಿಕೊಳ್ಳಲು ಮಾತ್ರ ನನ್ನ ಹತ್ತಿರ ಇರುವುದು. ಬೇಡುತ್ತಿದ್ದೇನೆ. ಯಲ್ಲಾ, ನಡೀರಿ ಭಾವ, ಒಂದು ಸಹಿ.

ಇಂತು, ತಮ್ಮ ಆಜ್ಞಾಧಾರಕನೂ, ತಮ್ಮ ಚಾದ ಋಣಿಯೂ, ಸಕಲ ತಪ್ಪುಗಳ ಅಧಿಕೃತ ವಾರಸುದಾರನೂ ಆದ,

ತಾರಾನಾಥ

ವಿ.ಸೂ.: ೧೫ ನವೆಂಬರ್, ಶುಕ್ರವಾರ, ಮಧ್ಯಾಹ್ನ.

ಇದನ್ನು ಇವತ್ತು ಸಂಜೆ ನಿಯಾಝನನ್ನು ಕರೆಸಿ ಅವನ ಕೈಯಲ್ಲಿ ಕಳಿಸುವವನಿದ್ದೆ. ಇವತ್ತು ಹನ್ನೊಂದು ಗಂಟೆಗೆ ವಾಚ್‌ಮನ್ ಬಂದು, ಗೇಟಿನ ಹತ್ತಿರ ಯಾರೋ ಬಂದಿದ್ದಾರೆ ಎಂದ. ಹೆಂಗಸರನ್ನು ಕ್ಯಾಂಪಿನ ಒಳಗೆ ಬಿಡುವುದಿಲ್ಲ. ನಿಯಾಝನ ಕಾರಿನಲ್ಲಿ ಬಂದು ಅಕ್ಕ ವಾಚ್‌ಮನ್ ಗೂಡಿನ ನೆರಳಲ್ಲಿ ನಿಂತಿದ್ದಳು. ಕೈಯಲ್ಲಿ ಕೋರಿರೊಟ್ಟಿಯ ಡಬ್ಬಿ. ಕಂಪೆನಿ ರಜೆ ಕೊಡುತ್ತಿಲ್ಲವಂತೆ, ನಿನ್ನ ಆಫೀಸಿನಲ್ಲಿ ಏನಾದರೂ ಮಾಡಲಿಕ್ಕಾಗುತ್ತದಾ ಎಂದು ಕೇಳಿದಳು. ಮೂರು ತಿಂಗಳ ಮೇಲೆ ಆಡಿದ ಮೊದಲ ಮಾತು. ನನಗೆ ಸುಳ್ಳು ಹೊಳೆಯಲಿಲ್ಲ ಭಾವ. ನನಗೆ! ಜೇಬಿನಿಂದ ಈ ಕಾಗದ ತೆಗೆದು ಕೊಟ್ಟುಬಿಟ್ಟೆ.

ನಿಂತುಕೊಂಡೇ ಓದಿದಳು. ಮುಖ ಬದಲಾಗಲಿಲ್ಲ. ಮುಗಿಸಿ, ಒಂದು ಕಡೆ ತಪ್ಪು ಬರೆದಿದ್ದೀ, ನಾನು ನಿನ್ನನ್ನು ನೋಡಿದ್ದು ನಿಜ ಕೇಳಲಿಕ್ಕಲ್ಲ ಎಂದಳು.

ಆ ಗುರುವಾರ ದರ್ಜಿಯ ಅಂಗಡಿ ನಾಲ್ಕಕ್ಕೆ ಮೊದಲು ತೆರೆಯುವುದಿಲ್ಲ ಎಂಬುದು ಅವಳಿಗೆ ಮರೆತುಹೋಗಿತ್ತಂತೆ. ಬಾಗಿಲು ಮುಚ್ಚಿದ್ದನ್ನು ನೋಡಿ ವಾಪಸು ಬಂದಿದ್ದಳು. ನಾನು ಬೂಟು ಬಿಚ್ಚುತ್ತಿದ್ದಾಗ ಅವಳು ನನ್ನಿಂದ ಐದು ಮೆಟ್ಟಿಲು ಕೆಳಗೆ ನಿಂತಿದ್ದಳು. ನಿಮ್ಮ ಮಾತನ್ನೆಲ್ಲ ನನ್ನ ಬೆನ್ನಿನ ಹಿಂದಿನಿಂದ ಕೇಳಿದ್ದಾಳೆ. ಚಾ ಕುಡೀತೀಯಾ ಎಂದದ್ದನ್ನೂ. ಆ ಮೇಲೆ ಸದ್ದಿಲ್ಲದೆ ಇಳಿದು ಮುನೀರಾಳ ಮನೆಯಲ್ಲಿ ಐದು ಗಂಟೆಯ ತನಕ ಕೂತಿದ್ದು ಮೇಲೆ ಬಂದಳಂತೆ. ಆಗಸ್ಟಿನಲ್ಲಿ ಅವಳು ನನ್ನ ಕಡೆ ನೋಡಿದ್ದು, ನೀನು ಮನೆಯಲ್ಲಿರಲಿಲ್ಲ ಎಂದು ಹೇಳು ತಾರ, ದಮ್ಮಯ್ಯ ಹೇಳು ಎಂದು. ಈ ಮೂರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟದ್ದು, ನಿಮ್ಮ ಕಥೆಯನ್ನು ಅವಳು ಒಪ್ಪಿದ್ದಾಳೆಂದು ನೀವು ನಂಬಬೇಕು ಎಂದು. ರಾಂಗ್ ನಂಬರ್ ಎಂದಾಗ ನೀವು ಪಕ್ಕದಲ್ಲಿ ಪೇಪರು ಓದುತ್ತಿದ್ದಿರಂತೆ.

ನನ್ನ ಕುಶಾಲಿನ ಬಗ್ಗೆ ನನಗೊಂದು ಅಹಂಕಾರವಿತ್ತು. ಇವತ್ತು ಅದು ಆ ಗೇಟಿನ ಹತ್ತಿರ ಸತ್ತಿತು. ಅವಳು ಕ್ಷಮೆ ಕೇಳಲಿಲ್ಲ. ನಿನ್ನನ್ನು ಬಲಿ ಕೊಟ್ಟದ್ದು ಹೌದು, ಮಗುವಿಗೆ ಬೇಕಾದರೆ ಇನ್ನೊಮ್ಮೆಯೂ ಕೊಡುತ್ತೇನೆ ಎಂದಳು. ಮಗು ಬೇಡ ಎನ್ನುವವರ ಮನೆಗೆ ಅದನ್ನು ತರುವುದು ಸರಿಯಾ ಅಕ್ಕ ಎಂದು ನಾನು ಕೇಳಿದೆ. ಬೇಕು ಎನ್ನುವವಳು ನಾನೊಬ್ಬಳಿದ್ದೇನೆ, ಅವರು ಸಹಿ ಹಾಕಲಿ ಸಾಕು ಎಂದಳು. ಕಾಗದವನ್ನು ಅದೇ ಮಡಿಕೆಯಲ್ಲಿ ಮಡಚಿದಳು. ಇದನ್ನು ಹರಿಯುವುದು ಬೇಡ, ಒಂದಕ್ಷರ ತಿದ್ದುವುದೂ ಬೇಡ, ನಾನು ಓದಿದ್ದೇನೆ ಎಂದು ಕೆಳಗೆ ಬರೆದುಕೊಡು ಎಂದಳು. ನನಗೆ ಎಲ್ಲ ಗೊತ್ತು ಎಂದು ಅವರಿಗೆ ಗೊತ್ತಾಗಲಿ, ಗೊತ್ತಿದ್ದೂ ಬುಧವಾರ ಅವರ ಪಕ್ಕದ ಸೀಟಿನಲ್ಲಿ ಕೂರುತ್ತೇನೆ ಎಂದೂ ಗೊತ್ತಾಗಲಿ ಎಂದಳು. ಬರೆದಿದ್ದೇನೆ.

ಆದ್ದರಿಂದ ಭಾವ, ಲಕೋಟೆಯ ಮೇಲೆ ಸ್ಟಾಂಪಿಲ್ಲ. ನಿಯಾಝನೂ ಇದನ್ನು ತಂದದ್ದಲ್ಲ. ಇಷ್ಟು ಓದಿ ಮುಗಿಸಿದ ಮೇಲೆ ತಲೆ ಎತ್ತಿ. ತಂದುಕೊಟ್ಟವಳು ನಿಮ್ಮ ಎದುರಿಗೇ ನಿಂತಿದ್ದಾಳೆ. ಪೆನ್ನು ಅವಳ ಕೈಯಲ್ಲಿದೆ.